ಟ್ಯಾಂಕ್ ಫುಕಟ್ ಸಿಗಬಹುದು, ಟ್ರೇಲರ್ ಯಾರು ಮಾಡ್ತಾರೆ?

ಚಿದ್ರಿ (ಬೀದರ್): ಸೆಪ್ಟೆಂಬರ್ 17 ಹತ್ತಿರ ಬಂತಂದ್ರೆ ನಮ್ಮ ಕಡೆ ಚಹಾ ಅಂಗಡಿಗಳಲ್ಲಿ ಒಂದು ಮಾತು ಎದ್ದೇ ಏಳ್ತದ. ಮಡಿಕೇರಿಯಲ್ಲಿ ಟ್ಯಾಂಕ್ ಅದ, ಕಾರವಾರದಲ್ಲಿ ಯುದ್ಧ ಹಡಗು ಅದ, ನಮ್ಮ ಬೀದರ್‌ಗೆ ಒಂದು ಯಾಕ್ ಬರಬಾರದು? ವಾಯುಸೇನೆ ನೆಲೆ ಇರೋ ಊರು, ಸೂರ್ಯಕಿರಣ ವಿಮಾನಗಳು ತಲೆ ಮ್ಯಾಲೆ ಹಾರೋ ಊರು, 1948ರಲ್ಲಿ ಭಾರತದ ಸೈನ್ಯ ನಡೆದುಬಂದ ಊರು. ಚಿದ್ರಿ ರಸ್ತೆಯ ಯಾವುದಾದರೂ ಸರ್ಕಲ್‌ನಲ್ಲಿ ಒಂದು ಹಳೇ ಟ್ಯಾಂಕ್ ನಿಲ್ಲಿಸಿದರೆ ಮಕ್ಕಳು ನೋಡ್ತಾರೆ, ಹೊರಗಿನ ಮಂದಿ ಫೋಟೊ ತೆಗೆಸ್ಕೊತಾರೆ, ಅಕ್ಕಪಕ್ಕದ ಅಂಗಡಿಗೂ ನಾಲ್ಕು ಗಿರಾಕಿ ಬರ್ತಾರೆ.

ಕೇಳೋದು ತಪ್ಪಲ್ಲ. ಸೇವೆಯಿಂದ ನಿವೃತ್ತಿಯಾದ ಟ್ಯಾಂಕುಗಳನ್ನು ಸೇನೆ ಶಾಲೆ, ಕಾಲೇಜು, ಸ್ಮಾರಕ, ನಗರಾಡಳಿತಗಳಿಗೆ ಕೊಡುವ ಪದ್ಧತಿ ಇದೆ. ಪುಣೆಯ ಖಡ್ಕಿಯಲ್ಲಿ ಕವಚ ವಾಹನಗಳ ಕೇಂದ್ರ ಡಿಪೊ ಇದೆ. ತೋಪು, ಗುಂಡು ಹಾರಿಸುವ ಭಾಗ ಎಲ್ಲ ನಿಷ್ಕ್ರಿಯಗೊಳಿಸಿ, ಇದ್ದ ಸ್ಥಿತಿಯಲ್ಲೇ ಕೊಡುತ್ತಾರೆ. ಸಾಗಿಸಿಕೊಂಡು ಹೋಗಿ ನಿಲ್ಲಿಸುವ ಖರ್ಚು ಮಾತ್ರ ತೆಗೆದುಕೊಂಡವರದ್ದೇ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ‘ಸನ್ನಿಸೈಡ್’ ಅಂಗಳದಲ್ಲಿ ನಿಂತಿರುವ ‘ಹಿಮ್ಮತ್’ ಟ್ಯಾಂಕ್ ಕೂಡ ಪುಣೆಯಿಂದ ಘಟ್ಟ ಹತ್ತಿ ಬಂದದ್ದೇ.

ಹಂಗಾದ್ರೆ ನಾವೂ ತರೋಣ, ನಮ್ಮಲ್ಲೇ ಟ್ರೇಲರ್ ಮಾಡಿಸಿದರಾಯ್ತು, ಕಬ್ಬಿನ ಟ್ರಾಲಿ ಮಾಡೋ ಮಂದಿಗೆ ಇದೇನು ದೊಡ್ಡ ಕೆಲಸ ಅನ್ನೋರು ಇದ್ದಾರೆ. ಲೆಕ್ಕ ಹಾಕಬೇಕಾದ ಜಾಗ ಇದೇ. ಟ್ಯಾಂಕ್ ಸಿಗೋದು ಅರ್ಜಿಯ ಮಾತು. ಅದನ್ನು ಹೊರುವ ಗಾಡಿ ಕಬ್ಬಿಣದ ಮಾತು, ರಸ್ತೆಯ ಮಾತು, ಕೊನೆಗೆ ಕಾನೂನಿನ ಮಾತೂ ಹೌದು.

1948ರಲ್ಲಿ ತಾನೇ ಬಂದಿತ್ತಲ್ಲ?

ಬಂದಿತ್ತು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಪಡೆ ಸೋಲಾಪುರ ಕಡೆಯಿಂದ ಹೊರಟು ನಳದುರ್ಗ, ಉಮರ್ಗಾ ದಾಟಿ ನಮ್ಮ ರಾಜೇಶ್ವರಕ್ಕೆ ಬಂತು, ಮುಂದೆ ಜಹೀರಾಬಾದ್ ಕಡೆ ಹೋಯಿತು. 17ರ ಬೆಳಗಿನ ಜಾವ ಸೈನ್ಯ ಬೀದರ್ ಪ್ರವೇಶಿಸಿತು. ಆ ಪಡೆಯಲ್ಲಿ ಶರ್ಮನ್, ಸ್ಟುವರ್ಟ್ ಟ್ಯಾಂಕುಗಳಿದ್ದವು. ಇವತ್ತು ಪುಣೆ, ಹೈದರಾಬಾದ್ ಬಸ್ಸುಗಳು ಓಡುವ ರಾಷ್ಟ್ರೀಯ ಹೆದ್ದಾರಿ 65 ಹೆಚ್ಚುಕಡಿಮೆ ಅದೇ ದಾರಿ.

ಆದರೆ ಅದು ಯುದ್ಧದ ಕಾಲ. ರಸ್ತೆ ಹಾಳಾದರೆ ಕೇಳೋರಿರಲಿಲ್ಲ. ಟ್ಯಾಂಕಿನ ಉಕ್ಕಿನ ಚೈನು ಹೊಲ, ಹಳ್ಳ, ಕೆಸರಿಗೆ ಮಾಡಿದ್ದು. ಡಾಂಬರಿನ ಮೇಲೆ ತಿರುವು ತೆಗೆದುಕೊಂಡರೆ ಮೇಲ್ಪದರವನ್ನೇ ಕಿತ್ತು ಎಳೆದುಕೊಂಡು ಹೋಗುತ್ತದೆ. ಚೈನಿನ ಪಿನ್ನುಗಳೂ ಬೇಗ ಸವೆಯುತ್ತವೆ. ಅದಕ್ಕೇ ಸೇನೆಯವರೇ ದೂರದ ಊರಿಗೆ ಟ್ಯಾಂಕನ್ನು ಓಡಿಸಿಕೊಂಡು ಹೋಗೋದಿಲ್ಲ, ರೈಲಿನ ಮೇಲೆ ಇಲ್ಲವೇ ದೊಡ್ಡ ಟ್ರೇಲರ್ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಇನ್ನು ಡಿಪೊದಿಂದ ಸಿಗುವ ಹಳೇ ಟ್ಯಾಂಕಿನ ಎಂಜಿನ್ ನಡೆಯುತ್ತದೆ ಅನ್ನೋ ಭರವಸೆ ಇಟ್ಟುಕೊಳ್ಳಲೇಬಾರದು. ಸತ್ತ ಎತ್ತಿನ ಹಂಗ ಬಿದ್ದಿರ್ತದ, ಎಳೆದು ಏರಿಸಬೇಕು.

ಇಲ್ಲಿ ಒಂದು ಸಂಗತಿ ಕೇಳಿದರೆ ಆಶ್ಚರ್ಯ ಆಗುತ್ತದೆ. 36 ಟನ್ ತೂಕದ ಟಿ-55 ಟ್ಯಾಂಕಿನ ಒಂದೊಂದು ಚೈನು 58 ಸೆಂಟಿಮೀಟರ್ ಅಗಲ, ಸುಮಾರು 3.84 ಮೀಟರ್ ಉದ್ದ ನೆಲಕ್ಕೆ ತಾಗಿರುತ್ತದೆ. ಎರಡೂ ಸೇರಿಸಿ ಭಾಗಿಸಿ ನೋಡಿದರೆ ಒಂದು ಚದರ ಸೆಂಟಿಮೀಟರ್‌ಗೆ ಬೀಳೋದು 810 ಗ್ರಾಂ ಮಾತ್ರ. ಲಾರಿಯ ಟಯರಿನಲ್ಲಿ ತುಂಬೋ ಗಾಳಿಯ ಒತ್ತಡವೇ ಚದರ ಸೆಂಟಿಮೀಟರ್‌ಗೆ ಏಳೆಂಟು ಕಿಲೊ. ಅಂದರೆ ಔರಾದ್, ಭಾಲ್ಕಿ ಕಡೆಯ ಎರೆ ಹೊಲದಲ್ಲಿ ಟ್ಯಾಂಕ್ ಹುಗಿಯೋದಿಲ್ಲ, ಅದನ್ನು ಹೊತ್ತ ಟ್ರೇಲರ್ ಹುಗಿಯುತ್ತದೆ. ಟ್ಯಾಂಕನ್ನು ಎಲ್ಲಿ ಇಳಿಸಬೇಕು ಅನ್ನೋದನ್ನು ಟ್ರೇಲರ್ ನೋಡಿಯೇ ನಿರ್ಧರಿಸಬೇಕು. ಬೀದರ್ ಊರು ಜಂಬಿಟ್ಟಿಗೆ ನೆಲದ ಮೇಲಿರೋದು ಈ ವಿಷಯದಲ್ಲಿ ನಮ್ಮ ಅದೃಷ್ಟ.

ಮಲಿಕ್-ಎ-ಮೈದಾನ್ ಹೊತ್ತವರು

ಭಾರದ ಯುದ್ಧ ಸಾಮಾನು ಸಾಗಿಸೋದು ನಮ್ಮ ಸೀಮೆಗೆ ಹೊಸದಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದು ವಿಜಯಪುರಕ್ಕೆ ಬಂದದ್ದು ನಮ್ಮ ನೆರೆಯ ಧಾರಾಶಿವ ಸೀಮೆಯ ಪರಾಂಡಾ ಕೋಟೆಯಿಂದ. ಎಳೆಯೋಕೆ ಹತ್ತು ಆನೆ, ನಾನೂರು ಎತ್ತು, ನೂರಾರು ಆಳು ಬೇಕಾಯಿತು ಅನ್ನೋದು ಹಿಂದಿನಿಂದ ಬಂದ ಮಾತು. ಎಣಿಕೆ ಹೆಚ್ಚುಕಡಿಮೆ ಇರಬಹುದು, ಆದರೆ ತೂಕ ಸುಳ್ಳಲ್ಲ. ಟಿ-55ಗಿಂತ ಅದು 19 ಟನ್ ಹೆಚ್ಚು.

ತಮಾಷೆ ನೋಡ್ರಿ, ಇದೇ 55 ಅನ್ನೋ ಸಂಖ್ಯೆ ಇವತ್ತಿನ ಕಾನೂನಿನಲ್ಲೂ ಇದೆ. 2018ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಭಾರದ ಗಾಡಿಗಳ ಮಿತಿ ಹೆಚ್ಚಿಸಿತು. ಮುಂದಿನ ಆಕ್ಸಲ್‌ಗೆ 7 ಟನ್, ಹಿಂದಿನ ಜೋಡಿ ಆಕ್ಸಲ್‌ಗೆ 21 ಟನ್, ಟ್ರೇಲರಿನ ಮೂರು ಆಕ್ಸಲ್ ಗುಂಪಿಗೆ 27 ಟನ್. ಕೂಡಿಸಿದರೆ 55. ಇದು ಮಾಲು ಮಾತ್ರ ಅಲ್ಲ. ಎಂಜಿನ್ ಗಾಡಿ, ಟ್ರೇಲರ್, ಡೀಸೆಲ್, ಡ್ರೈವರ್, ಕ್ಲೀನರ್ ಎಲ್ಲ ಸೇರಿ.

ಈಗ ಟಿ-55 ಇಟ್ಟು ಲೆಕ್ಕ ಹಾಕೋಣ. ಟ್ಯಾಂಕ್ 36 ಟನ್. ಅದನ್ನು ಹೊರುವಷ್ಟು ಗಟ್ಟಿ ಇರುವ ಟ್ರೇಲರಿನ ಸ್ವಂತ ತೂಕ 13 ಟನ್ ಹಿಡಿಯಿರಿ. ಎಳೆಯುವ ಗಾಡಿ ಒಂಬತ್ತೂವರೆ ಟನ್. ಒಟ್ಟು 58.5. ಮೂರೂವರೆ ಟನ್ ಹೆಚ್ಚಾಯಿತು. ಟ್ರೇಲರನ್ನು ಹಗುರ ಮಾಡಿದರೆ ಮುರಿಯುತ್ತದೆ, ಗಟ್ಟಿ ಮಾಡಿದರೆ ಇನ್ನೂ ಭಾರ ಆಗುತ್ತದೆ. ಹೆಚ್ಚಿನ ಭಾರಕ್ಕೆ 2019ರ ತಿದ್ದುಪಡಿಯ ನಂತರ ದಂಡ 20 ಸಾವಿರ ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2 ಸಾವಿರ. ದಂಡ ಕಟ್ಟಿದ ಮೇಲೆ ಹೆಚ್ಚಿದ್ದ ಮಾಲು ಇಳಿಸಿಯೇ ಮುಂದೆ ಹೋಗಬೇಕು. ಜೋಳದ ಚೀಲ ಇಳಿಸಬಹುದು, ಟ್ಯಾಂಕಿನ ಮೂರೂವರೆ ಟನ್ ಹುಮನಾಬಾದ್ ಕ್ರಾಸಿನಲ್ಲಿ ಹೆಂಗ್ ಇಳಿಸ್ತೀರಿ?

ಕಾರವಾರಕ್ಕೆ ತಂದ ನೌಕಾಪಡೆಯ ಟುಪೊಲೆವ್ ವಿಮಾನಕ್ಕೆ ಈ ತೊಂದರೆ ಇರಲಿಲ್ಲ. ರೆಕ್ಕೆ, ಬಾಲ ಎಲ್ಲ ಬಿಚ್ಚಿ ಬೇರೆ ಬೇರೆ ಲಾರಿಯಲ್ಲಿ ತಂದು ಅಲ್ಲಿ ಜೋಡಿಸಿದರು. ಟ್ಯಾಂಕಿನಲ್ಲಿ ಮೇಲಿನ ಗೋಪುರ ಎತ್ತಿ ತೆಗೆಯಬಹುದು, ಆದರೆ ಕೆಳಗಿನ ಒಡಲು ಒಂದೇ ತುಂಡು. ಇಂಥ ‘ಒಡೆಯಲಾಗದ ಮಾಲು’ ಸಾಗಿಸೋಕೆ ಹೆಚ್ಚು ಆಕ್ಸಲ್‌ನ ಹೈಡ್ರಾಲಿಕ್ ಟ್ರೇಲರ್, ಮುಂಚಿತ ವಿಶೇಷ ಅನುಮತಿ, ಮುಂದೆ ಹಿಂದೆ ಬೆಂಗಾವಲು ಗಾಡಿ ಬೇಕು. ದಾರಿಯ ಸೇತುವೆಗಳು ತಡೆಯುತ್ತವೆಯೋ ಇಲ್ಲವೋ ನೋಡಿಯೇ ಅನುಮತಿ ಕೊಡೋದು.

ನಮ್ಮ ವರ್ಕ್‌ಶಾಪಿನಲ್ಲಿ ಆಗ್ತದೇನು?

ಇದನ್ನು ಸ್ವಲ್ಪ ವಿವರವಾಗಿ ನೋಡೋಣ, ಯಾಕಂದ್ರೆ ನಮ್ಮ ಜಿಲ್ಲೆಯ ಮಿಸ್ತ್ರಿಗಳ ಕೈ ಕೆಲಸದ ಬಗ್ಗೆ ನನಗೆ ಅಭಿಮಾನ ಇದೆ. ಬೀದರ್‌ನ ಕೊಳಾರದಿಂದ ಹಿಡಿದು ಭಾಲ್ಕಿ, ಹುಮನಾಬಾದ್ ತನಕ ವೆಲ್ಡಿಂಗ್ ಅಂಗಡಿಗಳು ರಂಟೆ, ಕುಂಟೆ, ಬಿತ್ತೋ ಕೂರಿಗೆ, ಶಟರ್, ಟ್ರಾಲಿ ಎಲ್ಲ ಮಾಡುತ್ತವೆ. ಮುರಿದ ಆಕ್ಸಲ್ ಬಂದರೆ ಸಂಜೆಯೊಳಗೆ ಗಾಡಿ ರಸ್ತೆಗೆ ಬಿಡುತ್ತಾರೆ. ಆದರೆ ಕಬ್ಬಿನ ಟ್ರಾಲಿಗೂ ಟ್ಯಾಂಕ್ ಟ್ರೇಲರಿಗೂ ವ್ಯತ್ಯಾಸ ಗಾತ್ರದ್ದು ಮಾತ್ರ ಅಲ್ಲ, ಭಾರ ಕೂಡುವ ರೀತಿಯದ್ದು.

ಕಬ್ಬು ಟ್ರಾಲಿಯ ತುಂಬ ಸಮನಾಗಿ ಹರಡಿಕೊಳ್ಳುತ್ತದೆ. ಟ್ಯಾಂಕು ಎರಡು ಗೆರೆಗಳ ಮೇಲೆ ಮಾತ್ರ ಕೂಡುತ್ತದೆ, ಎಡ ಚೈನು, ಬಲ ಚೈನು. ಟಿ-55ರ ಅಗಲ 3.27 ಮೀಟರ್. ಕಾನೂನು ಒಪ್ಪುವ ಟ್ರೇಲರಿನ ಅಗಲ 2.6 ಮೀಟರ್. ಎರಡೂ ಬದಿ ಮೂವತ್ಮೂರು ಸೆಂಟಿಮೀಟರ್ ಹೊರಗೆ ಚಾಚುತ್ತದೆ. ಮಕ್ಕಳ ಸ್ಕೇಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇನು ದೊಡ್ಡದಲ್ಲ ಅನ್ನಿಸಬಹುದು. ಆದರೆ ಚೈನಿನ ಅಗಲವೇ 58. ಅಂದರೆ ಚೈನಿನ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಲ್ಲಿ, ಉಳಿದದ್ದು ಮಾತ್ರ ಟ್ರೇಲರಿನ ಅಂಚಿನ ಮೇಲೆ. ಆ ಅಂಚು ಟ್ರೇಲರಿನ ಅತ್ಯಂತ ದುರ್ಬಲ ಜಾಗ. ಮುಖ್ಯ ಬೀಮುಗಳು ಇರೋದು ನಡುವೆ. ಹಿಂಗಾಗಿ ಬೀಮಿನಿಂದ ಹೊರಕ್ಕೆ ಗಟ್ಟಿ ತೋಳುಗಳನ್ನು ಚಾಚಿ, ಅದರ ಮೇಲೆ ಹಲಗೆ ಹಾಸಿ ಅಗಲ ಹೆಚ್ಚಿಸಬೇಕು. ಒಂದೊಂದು ತೋಳಿನ ಬುಡದ ವೆಲ್ಡಿಂಗ್ ಮೇಲೆ ಟ್ಯಾಂಕಿನ ಜೀವ ನಿಂತಿರುತ್ತದೆ.

ಎತ್ತರದ ಮಾತು. ಸಾಮಾನ್ಯ ಟ್ರೇಲರಿನ ಹಾಸು ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಟ್ಯಾಂಕಿನ ಎತ್ತರ ಸುಮಾರು 2.4. ಕೂಡಿದರೆ 3.9 ಮೀಟರ್, ಭಾರವೂ ಮೇಲಕ್ಕೆ ಹೋಯಿತು, ತಿರುವಿನಲ್ಲಿ ವಾಲುವ ಭಯ. ಅದಕ್ಕೇ ಪೊಕ್ಲೇನ್ ಹೊತ್ತು ಹೋಗೋ ಹಂಥ ತಗ್ಗಿದ ಹಾಸಿನ ಟ್ರೇಲರ್, ಅಂದರೆ ಲೋ-ಬೆಡ್ ಬೇಕು. ಮುಂದಿನ ಭಾಗ ಹಂಸದ ಕತ್ತಿನ ಹಾಗೆ ಬಾಗಿ ಮೇಲೇರಿ ಎಂಜಿನ್ ಗಾಡಿಯ ಮೇಲೆ ಕೂಡುತ್ತದೆ. ಲೋ-ಬೆಡ್‌ನಲ್ಲಿ ಬಿರುಕು ಬಿಡೋದು ಆ ಕತ್ತಿನ ಬಾಗಿನಲ್ಲೇ. ಎಲ್ಲ ಎಳೆತ, ಎಲ್ಲ ಬ್ರೇಕಿನ ಹೊಡೆತ ಅಲ್ಲೇ ಬೀಳೋದು. ಸಾಮಾನ್ಯ ಮೈಲ್ಡ್ ಸ್ಟೀಲ್ ಬದಲಿಗೆ ಇ350 ದರ್ಜೆಯ ತಗಡು, ದಿನನಿತ್ಯದ 6013 ರಾಡಿನ ಬದಲಿಗೆ ಒಣಗಿಸಿಟ್ಟ 7018 ರಾಡು, ವೆಲ್ಡಿಂಗ್ ಆದ ಮೇಲೆ ಒಳಗೆ ಬಿರುಕು ಇಲ್ಲ ಅನ್ನೋ ಪರೀಕ್ಷೆ, ಇವೆಲ್ಲ ಬೇಕಾಗುತ್ತವೆ. ಮಳೆಗಾಲದಲ್ಲಿ ಅಂಗಡಿ ಮೂಲೆಯಲ್ಲಿ ಬಿಚ್ಚಿಟ್ಟ ರಾಡು ತೇವ ಹಿಡಿದಿರುತ್ತದೆ. ಗೇಟಿಗೆ ಆ ರಾಡು ನಡೀತದ, 36 ಟನ್ನಿಗೆ ನಡೆಯಂಗಿಲ್ಲ.

ಟ್ಯಾಂಕನ್ನು ಹಾಸಿನ ಮೇಲೆ ಎಲ್ಲಿ ಕೂಡಿಸಬೇಕು ಅನ್ನೋದೂ ಅಂದಾಜಿನ ಮಾತಲ್ಲ. ಎಂಜಿನ್ ಗಾಡಿಗೆ ಜೋಡಿಸುವ ಕಿಂಗ್‌ಪಿನ್‌ನಿಂದ ಹಿಂದಿನ ಆಕ್ಸಲ್ ಗುಂಪಿನ ನಡುವಿಗೆ 9 ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಟ್ಯಾಂಕನ್ನು ಒಂದೇ ಒಂದು ಮೀಟರ್ ಮುಂದೆ ಸರಿಸಿದರೆ 4 ಟನ್ ಭಾರ ಹಿಂದಿನಿಂದ ಮುಂದಿನ ಗಾಡಿಗೆ ವರ್ಗವಾಗುತ್ತದೆ. ಹಿಂದೆ ಸರಿದರೆ ಎಂಜಿನ್ ಗಾಡಿಯ ಹಿಡಿತ ಕಡಿಮೆ, ಘಟ್ಟದಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ. ಕೂಡುವ ಜಾಗವನ್ನು ಮೊದಲೇ ಬಣ್ಣದಲ್ಲಿ ಗುರುತು ಮಾಡಿ ಇಟ್ಟುಕೊಳ್ಳಬೇಕು.

ಇನ್ನು ಏರಿಸೋದು. ನನ್ನ ಅಭಿಪ್ರಾಯದಲ್ಲಿ ಸಾಗಾಟದ ದಾರಿಗಿಂತ ಏರಿಸೋ ಇಳಿಸೋ ಅರ್ಧ ಗಂಟೆಯೇ ಹೆಚ್ಚು ಅಪಾಯದ್ದು. ಹಾಸು ನೆಲದಿಂದ 90 ಸೆಂಟಿಮೀಟರ್ ಎತ್ತರ, ಇಳಿಜಾರು ರ‍್ಯಾಂಪ್ 3 ಮೀಟರ್ ಉದ್ದ ಇದ್ದರೆ ಟ್ಯಾಂಕನ್ನು ಮೇಲೆಳೆಯೋಕೆ ಇಳಿಜಾರಿಗೇ ಹತ್ತಿರ ಹತ್ತಿರ 11 ಟನ್ ಎಳೆತ ಬೇಕು. ಚೈನು ಉರುಳುವ ತಡೆ ಸೇರಿ 13 ಟನ್ ಆಗಬಹುದು. ರ‍್ಯಾಂಪನ್ನು 6 ಮೀಟರ್‌ಗೆ ಉದ್ದ ಮಾಡಿದರೆ ಇದು ಏಳೂವರೆ ಟನ್ನಿಗೆ ಇಳಿಯುತ್ತದೆ. ಮಧ್ಯೆ ಒಂದು ಕಪ್ಪಿ ಹಾಕಿದರೆ ವಿಂಚಿನ ತಂತಿಯ ಮೇಲೆ ಅದರ ಅರ್ಧ. ಬಾವಿಯಿಂದ ಮೋಟರ್ ಎತ್ತಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಆದರೆ ಜಂಗು ಹಿಡಿದು ಬ್ರೇಕು ಕಚ್ಚಿಕೊಂಡಿದ್ದರೆ ಈ ಲೆಕ್ಕ ಯಾವುದೂ ನಿಲ್ಲೋದಿಲ್ಲ. ಮೊದಲು ಬ್ರೇಕ್ ಬಿಡಿಸಿ, ಚೈನಿನ ಪಿನ್ನುಗಳಿಗೆ ಎಣ್ಣೆ ಬಿಟ್ಟು, ಹತ್ತು ಅಡಿ ಹಿಂದೆ ಮುಂದೆ ಎಳೆದು ನೋಡಬೇಕು.

ಟ್ಯಾಂಕ್ ರ‍್ಯಾಂಪಿನ ತುದಿಗೆ ಬಂದಾಗ ಇಡೀ ಭಾರ ಟ್ರೇಲರಿನ ಹಿಂದಿನ ಅಂಚಿನ ಮೇಲೆ ಬೀಳುತ್ತದೆ. ಹಿಂದಿನ ಅಂಚಿನ ಕೆಳಗೆ ಗಟ್ಟಿ ಕಾಲುಗಳನ್ನು ಊರಿರದಿದ್ದರೆ ಟ್ರೇಲರಿನ ಮೂತಿ ಮೇಲೆದ್ದು ಎಂಜಿನ್ ಗಾಡಿಯನ್ನೂ ಎತ್ತುತ್ತದೆ. ಅಂಚು ದಾಟಿದ ತಕ್ಷಣ ಟ್ಯಾಂಕು ಧಪ್ ಅಂತ ಮುಂದಕ್ಕೆ ವಾಲಿ ಹಾಸಿನ ಮೇಲೆ ಕೂಡುತ್ತದೆ. ಆ ಹೊತ್ತಿಗೆ ಮೇಲೆ ನಿಂತು ವಿಡಿಯೊ ಮಾಡೋ ಹುಡುಗರನ್ನು ದೂರ ಇಡೋದೇ ಒಂದು ಕೆಲಸ. ಹಾಸು ಬರೀ ತಗಡಿನದ್ದಾಗಿದ್ದರೆ ಉಕ್ಕಿನ ಮೇಲೆ ಉಕ್ಕು ಜಾರುತ್ತದೆ, ಮಳೆ ಬಿದ್ದಿದ್ದರೆ ಕೇಳೋದೇ ಬೇಡ. ಅದಕ್ಕೇ ದಪ್ಪ ಮರದ ಹಲಗೆ ಹಾಸೋದು. ಮರದೊಳಗೆ ಚೈನಿನ ಹಲ್ಲು ಕಚ್ಚಿ ನಿಲ್ಲುತ್ತದೆ.

ಕೊನೆಗೆ ಬಿಗಿಯೋದು. ಜೋರಾಗಿ ಬ್ರೇಕ್ ಹಾಕಿದಾಗ ಮಾಲು ಮುಂದಕ್ಕೆ ನುಗ್ಗದ ಹಾಗೆ ಅದರ ತೂಕದ ಶೇಕಡಾ 80ರಷ್ಟು ಬಲ ತಡೆಯಬೇಕು ಅಂತ ಯುರೋಪಿನವರು ಲೆಕ್ಕ ಹಿಡಿಯುತ್ತಾರೆ. 36 ಟನ್ನಿಗೆ ಅದು ಹತ್ತಿರ ಹತ್ತಿರ 29 ಟನ್. ನೈಲಾನ್ ಹಗ್ಗ, ಪಟ್ಟಿ ಇಲ್ಲಿ ಲೆಕ್ಕಕ್ಕಿಲ್ಲ. ತೂಕ ಮುದ್ರಿಸಿರುವ ಉಕ್ಕಿನ ಸರಪಳಿಗಳನ್ನು ಅಡ್ಡಡ್ಡ ಹಾಕಿ, ಮುಂದೆ ಹಿಂದೆ ದಿಮ್ಮಿ ಬಡಿದು, ಗೋಪುರ ತಿರುಗದ ಹಾಗೆ ತೋಪಿನ ನಳಿಗೆಯನ್ನೂ ಕಟ್ಟಬೇಕು. ಐವತ್ತು ಕಿಲೊಮೀಟರ್‌ಗೆ ಒಮ್ಮೆ ಇಳಿದು ಸರಪಳಿ ಮುಟ್ಟಿ ನೋಡಬೇಕು. ಸಡಿಲ ಆಗಿಯೇ ಇರುತ್ತದೆ.

ಕಾಗದ ಪತ್ರ

ಇಷ್ಟೆಲ್ಲ ಮಾಡಿ ನಮ್ಮ ಮಿಸ್ತ್ರಿ ಟ್ರೇಲರ್ ಕಟ್ಟಿದರೂ ಅದು ರಸ್ತೆಗೆ ಇಳಿಯೋದಿಲ್ಲ. ಟ್ರೇಲರ್ ಕೂಡ ಕಾನೂನಿನ ಕಣ್ಣಿಗೆ ವಾಹನವೇ. ಅದಕ್ಕೂ ನೋಂದಣಿ ಬೇಕು. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಮಾದರಿಯನ್ನು ಪುಣೆಯ ಎಆರ್‌ಎಐ, ಸಿಐಆರ್‌ಟಿ ಅಥವಾ ಅಹಮದ್‌ನಗರದ ವಿಆರ್‌ಡಿಇಯಂಥ ಸಂಸ್ಥೆ ಪರೀಕ್ಷಿಸಿ ಒಪ್ಪಬೇಕು. ಭಾರದ ಟ್ರೇಲರಿಗೆ ಎಐಎಸ್-113 ಅನ್ನೋ ಪ್ರತ್ಯೇಕ ಮಾನದಂಡವೇ ಇದೆ, ಬ್ರೇಕು, ಬದಿ ತಡೆ, ಹಿಂದಿನ ತಡೆ, ದೀಪ, ಜೋಡಣೆ ಎಲ್ಲಕ್ಕೂ. ಒಂದೇ ಒಂದು ಟ್ಯಾಂಕ್ ತರೋಕೆ ಒಂದೇ ಒಂದು ಟ್ರೇಲರ್ ಮಾಡಿ ಇಷ್ಟು ಪರೀಕ್ಷೆ ಮಾಡಿಸೋದು ಯಾವ ಹಿಸಾಬಿಗೂ ಕೂಡೋದಿಲ್ಲ.

ಅಂದರೆ ಭಾರದ ಟ್ಯಾಂಕಿಗೆ ಟ್ರೇಲರ್ ಕಟ್ಟೋದಲ್ಲ, ಅನುಮತಿ, ವಿಮೆ ಎಲ್ಲ ಇರೋ ಭಾರಸಾಗಾಟದ ಕಂಪನಿಯಿಂದ ಬಾಡಿಗೆಗೆ ತರಿಸೋದು ಸರಿ. ವಿಂಡ್‌ಮಿಲ್ ರೆಕ್ಕೆ, ಟ್ರಾನ್ಸ್‌ಫಾರ್ಮರ್ ಹೊರುವ ಗಾಡಿಗಳು ಹೆದ್ದಾರಿ 65ರ ಮೇಲೆ ಓಡುತ್ತಲೇ ಇರುತ್ತವೆ. ನಮ್ಮ ಅಂಗಡಿಗಳು ಮಾಡಬಹುದಾದ ಕೆಲಸ ಬೇರೆ ಇದೆ. ಉದ್ದನೆಯ ರ‍್ಯಾಂಪು, ಹಿಂದಿನ ಊರುಗೋಲು, ಚೈನಿಗೆ ತಡೆ ಕೊಡೋ ದಿಮ್ಮಿ, ಟ್ಯಾಂಕ್ ನಿಲ್ಲಿಸೋ ಕಟ್ಟೆಯ ಕಬ್ಬಿಣ. ಇವು ರಸ್ತೆಯಲ್ಲಿ ಓಡೋ ವಾಹನ ಅಲ್ಲ, ಹಾಗಾಗಿ ನೋಂದಣಿಯ ತಂಟೆ ಇಲ್ಲ, ದುಡ್ಡೂ ಊರಲ್ಲೇ ಉಳಿಯುತ್ತದೆ.

ಹಗುರವಾದ ಗಾಡಿ ಸಿಕ್ಕರೆ ಮಾತೇ ಬೇರೆ. ಎರಡನೇ ಮಹಾಯುದ್ಧ ಕಾಲದ ಬ್ರೆನ್ ಕ್ಯಾರಿಯರ್ ಅನ್ನೋ ಚಿಕ್ಕ ಚೈನು ಗಾಡಿ ಸುಮಾರು 4 ಟನ್, ಅಗಲ ಎರಡು ಮೀಟರ್ ಚಿಲ್ಲರೆ. ಒಂದು ಮಧ್ಯಮ ಲಾರಿಯ ಮೇಲೇ ಬರುತ್ತದೆ. 1971ರ ಯುದ್ಧದಲ್ಲಿ ಹೆಸರು ಮಾಡಿದ, ನೀರಿನಲ್ಲೂ ಈಜುವ ಪಿಟಿ-76 ಟ್ಯಾಂಕ್ 14 ಟನ್. ತೂಕಕ್ಕೆ ಪೊಕ್ಲೇನ್ ಟ್ರೇಲರ್ ಸಾಕು, ಆದರೆ ಅಗಲ ಮೂರು ಮೀಟರ್ ದಾಟುವುದರಿಂದ ಅನುಮತಿ ತಪ್ಪೋದಿಲ್ಲ.

ಯಾವ ಟ್ಯಾಂಕು?

ನಮ್ಮೂರಲ್ಲಿ ಸೆಪ್ಟೆಂಬರ್ 17ರ ನೆನಪಿಗೆ ಟಿ-55 ನಿಲ್ಲಿಸೋದು ನನಗಂತೂ ಸರಿ ಕಾಣೋದಿಲ್ಲ. ಟಿ-55 ರಷ್ಯದಲ್ಲಿ ತಯಾರಾಗೋಕೆ ಶುರುವಾದದ್ದೇ 1958ರಲ್ಲಿ. ಅದು 1971ರ ನೆನಪು. 1948ರಲ್ಲಿ ಈ ದಾರಿಯಲ್ಲಿ ಬಂದ ಸ್ಟುವರ್ಟ್ 13ರಿಂದ 15 ಟನ್, ಅಗಲ ಸುಮಾರು 2.25 ಮೀಟರ್. ಕಾನೂನಿನ 2.6 ಮೀಟರ್ ಒಳಗೇ ಬಂತು, ತೂಕವೂ ಮಿತಿಯೊಳಗೆ. ಇತಿಹಾಸಕ್ಕೆ ಹೊಂದುವ ಟ್ಯಾಂಕೇ ಟ್ರೇಲರಿಗೂ ಹೊಂದುತ್ತದೆ. ತೊಡಕು ಏನಂದ್ರೆ ಅಂಥವು ಈಗ ಸಿಗೋದು ಅಪರೂಪ. ನೋಡಬೇಕಂದ್ರೆ ಅಹಮದ್‌ನಗರದಲ್ಲಿ 1994ರಲ್ಲಿ ಶುರುವಾದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಎರಡನೇ ಮಹಾಯುದ್ಧದ ಕಾಲದ ಎಷ್ಟೋ ಗಾಡಿಗಳು ಅಲ್ಲಿ ಸಾಲಾಗಿ ನಿಂತಿವೆ. ಶಿರಡಿಗೆ ಹೋಗೋ ಮಂದಿ ಒಂದು ಹೊತ್ತು ಬಿಡುವು ಮಾಡಿಕೊಂಡು ನೋಡಿ ಬರಬಹುದು.

ಇನ್ನೊಂದು ಮಾತು, ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಈ ಜಿಲ್ಲೆಗೆ 1948 ಬರೀ ವಿಜಯದ ವರ್ಷ ಅಲ್ಲ. ಮೇ ತಿಂಗಳಲ್ಲಿ ಗೋರ್ಟಾದಲ್ಲಿ ರಜಾಕಾರರು ಮಾಡಿದ ಹತ್ಯಾಕಾಂಡದ ನೆನಪಿಗೆ ಸ್ಮಾರಕ ಎದ್ದಿದೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಸೆಪ್ಟೆಂಬರ್ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬೀದರ್ ಒಂದು ಅಂತ ಪಂಡಿತ್ ಸುಂದರಲಾಲ್ ಸಮಿತಿ ಬರೆದಿದೆ. ಎರಡೂ ಕಡೆಯ ಮನೆಗಳು ಇವತ್ತೂ ಇದೇ ಊರಲ್ಲಿ, ಇದೇ ಓಣಿಗಳಲ್ಲಿ ಇವೆ. ಟ್ಯಾಂಕ್ ನಿಲ್ಲಿಸಿದರೆ ಅದರ ಮುಂದಿನ ಬೋರ್ಡಿನಲ್ಲಿ ಏನು ಬರೀತೀರಿ ಅನ್ನೋದು ಟ್ರೇಲರಿಗಿಂತ ಮೊದಲೇ ತೀರ್ಮಾನ ಆಗಬೇಕು.

ನೌಬಾದ್‌ನಿಂದ ಒಳಗೆ

ಪುಣೆಯಿಂದ ಹುಮನಾಬಾದ್ ತನಕ ದಾರಿ ಅಗಲ ಇದೆ, ಅಲ್ಲಿಂದ ಬೀದರ್‌ಗೆ ಹೆದ್ದಾರಿ 50. ಕಷ್ಟ ಶುರುವಾಗೋದು ಊರೊಳಗೆ. ಲೋ-ಬೆಡ್ ಉದ್ದ, ತಗ್ಗು. ಎತ್ತರದ ಸ್ಪೀಡ್ ಬ್ರೇಕರ್ ಮೇಲೆ ಅದರ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ಸರ್ಕಲ್‌ನಲ್ಲಿ ತಿರುಗುವಾಗ ಹಿಂದಿನ ಚಕ್ರಗಳು ಒಳಗಿನ ಅಂಚನ್ನು ಕತ್ತರಿಸಿಕೊಂಡು ಹೋಗುತ್ತವೆ, ಚರಂಡಿ ಮೇಲಿನ ಕಲ್ಲುಚಪ್ಪಡಿ ಮೇಲೆ ಒಂದು ಚಕ್ರ ಏರಿದರೆ ಮುಗೀತು. ಅಂಗಡಿ ಮುಂದೆ ಚಾಚಿದ ತಗಡಿನ ನೆರಳು, ಬೋರ್ಡು, ಅಡ್ಡ ಎಳೆದ ಕೇಬಲ್ ವಯರು, ಎಲ್ಲ ಲೆಕ್ಕಕ್ಕೆ ಬರುತ್ತವೆ. ಹಳೇ ಊರಿನ ಫತೇ ದರ್ವಾಜಾ, ಶಾಹಗಂಜ್ ಕಮಾನು ಕಡೆ ಮುಖ ಹಾಕೋದೇ ಬೇಡ. ಐನೂರು ವರ್ಷದ ಕಲ್ಲಿಗೆ ಒಂದು ಗೀರು ಬಿದ್ದರೂ ತಂದ ಟ್ಯಾಂಕಿನ ಬೆಲೆ ಅದಕ್ಕಿಂತ ಕಡಿಮೆ.

ಅಂಗಡಿಯವರು ಕೇಳಬೇಕಾದ್ದು ಇಷ್ಟು. ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಕರೆಂಟ್ ತೆಗೆಯುತ್ತಾರೆ, ಚಪ್ಪಡಿ ಒಡೆದರೆ ಯಾರು ಹಾಕಿಸಿಕೊಡುತ್ತಾರೆ, ವಿಮೆ ಯಾರ ಹೆಸರಲ್ಲಿದೆ. ಉದ್ಘಾಟನೆ ದಿನ ಹಾರ ತುರಾಯಿ ನಡುವೆ ಈ ಪ್ರಶ್ನೆ ಕೇಳೋಕೆ ಆಗೋದಿಲ್ಲ, ಟೆಂಡರ್ ಕರೆಯುವ ಮೊದಲೇ ಕೇಳಬೇಕು.

ನಮ್ಮ ಕಣ್ಣ ಮುಂದಿನ ಟ್ರಾಲಿ

ಇಷ್ಟೆಲ್ಲ ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಟ್ಯಾಂಕಿಗಿಂತ ಹೆಚ್ಚಾಗಿ ಕಬ್ಬಿನ ಟ್ರಾಲಿ. ಎಂದೋ ಒಂದು ದಿನ ಬರಬಹುದಾದ ಒಂದು ಟ್ಯಾಂಕಿಗೆ ಸೇತುವೆ ಪರೀಕ್ಷೆ, ಸರಪಳಿ ಲೆಕ್ಕ, ಬೆಂಗಾವಲು ಎಲ್ಲ ಬೇಕು ಅಂತೀವಿ. ಹಂಗಾಮು ಶುರುವಾದರೆ ಭಾಲ್ಕಿ, ನಾರಂಜಾ ಕಾರ್ಖಾನೆಗಳ ದಾರಿಯಲ್ಲಿ ದಿನಾ ರಾತ್ರಿ ಓಡುವ ಡಬಲ್ ಟ್ರಾಲಿಗಳಲ್ಲಿ ಎಷ್ಟಕ್ಕೆ ಸ್ವಂತ ಬ್ರೇಕ್ ಇದೆ? ಎಷ್ಟಕ್ಕೆ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇದೆ? ಭೌತಶಾಸ್ತ್ರ ಎರಡಕ್ಕೂ ಒಂದೇ. ಹಿಂದಿನ ಟ್ರಾಲಿಗೆ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಇಡೀ ಭಾರ ಟ್ರ್ಯಾಕ್ಟರನ್ನು ನೂಕುತ್ತದೆ. ಎರಡು ಟ್ರಾಲಿ ನಡುವಿನ ಪಿನ್ನು ಒಂದೇ, ಅದಕ್ಕೆ ಕಾವಲು ಸರಪಳಿ ಇಲ್ಲದಿದ್ದರೆ ಪಿನ್ನು ಮುರಿದ ದಿನ ಹಿಂದಿನ ಟ್ರಾಲಿ ಯಾರ ಮನೆಗೆ ನುಗ್ಗುತ್ತದೋ ಗೊತ್ತಿಲ್ಲ. ಕೆಟ್ಟು ನಿಂತ ಟ್ರಾಲಿ ರಾತ್ರಿ ಕತ್ತಲಲ್ಲಿ ಬೈಕಿನವನಿಗೆ ಕಾಣೋದು ಹತ್ತು ಹೆಜ್ಜೆ ದೂರದಲ್ಲಿ. ಕಬ್ಬಿನ ತುದಿಗಳು ಆ ದೀಪವನ್ನೂ ಮುಚ್ಚಿರುತ್ತವೆ.

ಬ್ರೇಕು, ದೀಪ, ಜೋಡಣೆ ಅಂತ ಭಾರದ ಟ್ರೇಲರಿಗೆ ಕೇಳೋದನ್ನೇ ಈ ಟ್ರಾಲಿಗೂ ಕೇಳಬೇಕಾಗಿದೆ. ಇದಕ್ಕೆ ಪುಣೆಗೆ ಹೋಗಬೇಕಾಗಿಲ್ಲ. ಒಂದು ಸುರುಳಿ ರಿಫ್ಲೆಕ್ಟರ್ ಪಟ್ಟಿ, ಎರಡು ಮೊಳ ಕಾವಲು ಸರಪಳಿ, ಬಿರುಕು ಬಿಟ್ಟ ಜೋಡಣೆಯನ್ನು ಮೇಲಿಂದ ಮೇಲೆ ತೇಪೆ ಹಾಕದೆ ಕತ್ತರಿಸಿ ಹೊಸದಾಗಿ ಕೂಡಿಸೋದು. ಟ್ಯಾಂಕ್ ಟ್ರೇಲರ್ ಮಾಡಬಲ್ಲೆವು ಅನ್ನೋ ನಮ್ಮ ಮಿಸ್ತ್ರಿಗಳಿಗೆ ಇದು ಅರ್ಧ ದಿನದ ಕೆಲಸ.

ಕಾರ್ಖಾನೆಗಳ ಗಾಣ ತಿರುಗೋಕೆ ಇನ್ನೂ ಕೆಲವು ವಾರ ಇದೆ. ದುರಸ್ತಿಗೆ ಬಂದ ಟ್ರಾಲಿಗಳು ವೆಲ್ಡಿಂಗ್ ಅಂಗಡಿಗಳ ಮುಂದೆ ಈಗಲೇ ಸಾಲು ಹಚ್ಚಿವೆ. ನಿಮ್ಮದೂ ಅಲ್ಲಿ ನಿಂತಿದ್ದರೆ, ಬಣ್ಣ ಹೊಡೆಸೋ ಮೊದಲು ಕೆಳಗೆ ಬಗ್ಗಿ ಆ ಪಿನ್ನೊಂದು ನೋಡಿ ಬರ್ರಿ.